ಕಾಲೇಜು ಆವರಣದ ನೆಟ್‌ವರ್ಕ್: ಯಾವ ವಿಭಾಗಕ್ಕೆ ಯಾವ ಸಬ್‌ನೆಟ್ ಮಾಸ್ಕ್, ಕಟ್ಟಡಗಳ ನಡುವೆ ಯಾವ ರೂಟಿಂಗ್?

ಗದಗಿನ ಕಾಲೇಜೊಂದರ ಸಿಸ್ಟಮ್ ನಿರ್ವಾಹಕ

ಎಲ್ಲರಿಗೂ ನಮಸ್ಕಾರ. ಗದಗಿನ ಹೊರವಲಯದಲ್ಲಿರುವ ನಮ್ಮ ಕಾಲೇಜಿನಲ್ಲಿ ಆಡಳಿತ ಕಟ್ಟಡ, ಎರಡು ತರಗತಿ ಕಟ್ಟಡಗಳು, ಗ್ರಂಥಾಲಯ ಮತ್ತು ಎರಡು ಹಾಸ್ಟೆಲ್‌ಗಳಿವೆ. ಇಡೀ ಆವರಣ ಇಂದಿಗೂ 192.168.0.0 ಎಂಬ ಒಂದೇ ನೆಟ್‌ವರ್ಕ್‌ನಲ್ಲಿ, 255.255.0.0 ಮಾಸ್ಕ್‌ನೊಂದಿಗೆ (ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನದು ಎಂದು ಹೇಳುವ ಸಂಖ್ಯೆ) ನಡೆಯುತ್ತಿದೆ. ಸಂಜೆ ಹಾಸ್ಟೆಲ್‌ನ ಮೊಬೈಲ್‌ಗಳೆಲ್ಲ ವೈಫೈಗೆ ಬಂದಾಗ ಆಡಳಿತ ಕಟ್ಟಡದ ಪ್ರಿಂಟರ್‌ಗಳೂ ಹಾಜರಾತಿ ಯಂತ್ರಗಳೂ ತಡವರಿಸುತ್ತವೆ. ಯಾರಾದರೂ ಕೋಣೆಯಲ್ಲಿ ಸಣ್ಣ ವೈಫೈ ರೂಟರ್ ಸಿಕ್ಕಿಸಿದರೆ ಅದು ಹಂಚುವ ತಪ್ಪು ವಿಳಾಸ ಪ್ರಾಚಾರ್ಯರ ಕೊಠಡಿಯ ಕಂಪ್ಯೂಟರ್‌ವರೆಗೂ ತಲುಪುತ್ತದೆ.

ಎಲ್ಲ ಕಟ್ಟಡಗಳಿಂದ ಆಡಳಿತ ಕಟ್ಟಡದ ಲೇಯರ್-3 ಕೋರ್ ಸ್ವಿಚ್‌ಗೆ (ನೆಟ್‌ವರ್ಕ್‌ಗಳ ನಡುವೆ ದಾರಿ ತೋರುವ, ಅಂದರೆ ರೂಟಿಂಗ್ ಮಾಡುವ, ಮುಖ್ಯ ಸ್ವಿಚ್) ಒಂದೊಂದು ಫೈಬರ್ ಬರುತ್ತದೆ. ಹಾಸ್ಟೆಲ್‌ಗಳಲ್ಲಿ ಹೊಸದಾಗಿ ಹಾಕಿದ ಸ್ವಿಚ್‌ಗಳೂ ರೂಟಿಂಗ್ ಮಾಡಬಲ್ಲವು. ಉಳಿದ ಕಡೆ ಇರುವವು ವಿ-ಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವ ವಿಧಾನ) ತಿಳಿದಿರುವ, ಆದರೆ ರೂಟಿಂಗ್ ಮಾಡದ ಲೇಯರ್-2 ಸ್ವಿಚ್‌ಗಳು. ಹುಡುಗರ ಹಾಸ್ಟೆಲ್‌ನಲ್ಲಿ ಸುಮಾರು 600, ಹುಡುಗಿಯರ ಹಾಸ್ಟೆಲ್‌ನಲ್ಲಿ ಸುಮಾರು 450 ವಿದ್ಯಾರ್ಥಿಗಳಿದ್ದಾರೆ. ಯಾವ ವಿಭಾಗಕ್ಕೆ ಎಷ್ಟು ದೊಡ್ಡ ಸಬ್‌ನೆಟ್ (ನೆಟ್‌ವರ್ಕ್‌ನ ಒಳತುಂಡು) ಕೊಡಬೇಕು, ರೂಟ್‌ಗಳನ್ನು ಕೈಯಿಂದ ಬರೆಯುವುದೇ ಅಥವಾ ಸಾಧನಗಳೇ ಒಂದಕ್ಕೊಂದು ರೂಟ್ ತಿಳಿಸಿಕೊಳ್ಳುವ ಓಎಸ್‌ಪಿಎಫ್ ಪ್ರೋಟೋಕಾಲ್ ಓಡಿಸುವುದೇ, ಪರೀಕ್ಷಾ ವಿಭಾಗದ ಕೆಲಸ ನಿಲ್ಲದಂತೆ ಈ ಬದಲಾವಣೆಯನ್ನು ಹೇಗೆ ಮಾಡುವುದು ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಹುಬ್ಬಳ್ಳಿಯ ನೆಟ್‌ವರ್ಕ್ ಎಂಜಿನಿಯರ್

ಸರ್, ಮಾಸ್ಕ್ ವಿಷಯ ಬಂದೊಡನೆ ನಾವೆಲ್ಲ ಕಂಪ್ಯೂಟರ್‌ಗಳನ್ನು ಎಣಿಸಲು ಕೂರುತ್ತೇವೆ. ಎಣಿಕೆ ಬೇಕೇ ಬೇಕು, ಆದರೆ ಅದಕ್ಕೂ ಮೊದಲು ಪ್ರತಿ ವಿಭಾಗದ ಗೇಟ್‌ವೇ (ಸಬ್‌ನೆಟ್‌ನಿಂದ ಹೊರಹೋಗುವ ಬಾಗಿಲು) ಯಾವ ಸ್ವಿಚ್‌ನಲ್ಲಿರುತ್ತದೆ ಎಂಬುದು ತೀರ್ಮಾನವಾಗಬೇಕು. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಮ್ಮೆಲೇ ಹೋಗುವ ಸಂದೇಶ) ನಿಲ್ಲುವುದು ಅಲ್ಲಿಯೇ, ರೂಟ್ ಹುಟ್ಟುವುದೂ ಅಲ್ಲಿಂದಲೇ. ವಿಳಾಸಗಳನ್ನು ಆ ಗಡಿಗೆ ಹೊಂದುವಂತೆ ಹಂಚಿದರೆ ಮುಂದಿನ ರೂಟಿಂಗ್ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಸಿಕ್ಕ ಸಿಕ್ಕ ಹಾಗೆ ಹಂಚಿದರೆ ಯಾವ ಪ್ರೋಟೋಕಾಲ್ ತಂದರೂ ಗೊಂದಲ ಉಳಿಯುತ್ತದೆ.

ಆರ್‌ಎಫ್‌ಸಿ 1918 ಎಂಬ 1996ರ ದಾಖಲೆ ಖಾಸಗಿ ಬಳಕೆಗೆ ಮೂರು ವಿಳಾಸ ವ್ಯಾಪ್ತಿಗಳನ್ನು ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12 ಮತ್ತು 192.168.0.0/16 (ಗೆರೆಯ ನಂತರದ ಸಂಖ್ಯೆ ಮಾಸ್ಕ್‌ನ ಬಿಟ್‌ಗಳದ್ದು; ಅದು ಚಿಕ್ಕದಾದಷ್ಟೂ ವ್ಯಾಪ್ತಿ ದೊಡ್ಡದು). ನೀವು ಈಗ ಮೂರನೆಯದನ್ನು ಪೂರ್ತಿಯಾಗಿ ಒಂದೇ ಸಬ್‌ನೆಟ್‌ ಮಾಡಿಕೊಂಡಿದ್ದೀರಿ. ಮನೆಯ ವೈಫೈ ರೂಟರ್‌ಗಳಲ್ಲಿ ಹೆಚ್ಚಿನವು 192.168.0 ಅಥವಾ 192.168.1ರಿಂದ ಆರಂಭವಾಗುವುದರಿಂದ, ಪ್ರಾಧ್ಯಾಪಕರು ಮನೆಯಿಂದ ವಿಪಿಎನ್ ಮೂಲಕ ಕಾಲೇಜಿನ ಸರ್ವರ್ ತಲುಪಲು ಹೊರಟಾಗ ಎರಡೂ ಕಡೆಯ ವಿಳಾಸಗಳು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ 10ರ ವ್ಯಾಪ್ತಿಯೊಳಗೆ ಒಂದು /16 ಆರಿಸಿಕೊಳ್ಳಿ, ಉದಾಹರಣೆಗೆ 10.40.0.0/16. 100.64.0.0/10 ಖಾಲಿ ಕಂಡರೂ ಅದನ್ನು ಮುಟ್ಟಬೇಡಿ. 2012ರಲ್ಲಿ ಅದನ್ನು ಇಂಟರ್ನೆಟ್ ಸೇವಾ ಕಂಪನಿಗಳ ಒಳಬಳಕೆಗೆಂದು ಮೀಸಲಿಡಲಾಗಿದೆ.

ಆ /16ನ್ನು ಹದಿನಾರು /20 ತುಂಡುಗಳಾಗಿ ಮಾಡಿ, ಒಂದೊಂದು ಕಟ್ಟಡಕ್ಕೆ ಒಂದೊಂದು ತುಂಡನ್ನು ಕೊಡಿ. /20 ಎಂದರೆ 255.255.240.0, ಒಂದು ತುಂಡಿನಲ್ಲಿ 4,096 ವಿಳಾಸಗಳು. 10.40.0.0/20 ಕೋರ್ ಸ್ವಿಚ್ ಮತ್ತು ಸರ್ವರ್‌ಗಳಿಗೆ, 10.40.16.0 ಆಡಳಿತಕ್ಕೆ, 32 ಮತ್ತು 48 ತರಗತಿ ಕಟ್ಟಡಗಳಿಗೆ, 64 ಹುಡುಗರ ಹಾಸ್ಟೆಲ್‌ಗೆ, 80 ಹುಡುಗಿಯರ ಹಾಸ್ಟೆಲ್‌ಗೆ, 96 ಗ್ರಂಥಾಲಯಕ್ಕೆ. ಇನ್ನೂ ಒಂಬತ್ತು ತುಂಡುಗಳು ಮುಂದಿನ ಕಟ್ಟಡಗಳಿಗೆ ಉಳಿಯುತ್ತವೆ. ಇಷ್ಟು ವಿಳಾಸ ವ್ಯರ್ಥವಾಯಿತಲ್ಲ ಎಂದು ಮರುಗಬೇಕಾಗಿಲ್ಲ. ಖಾಸಗಿ ವಿಳಾಸಕ್ಕೆ ಹಣ ಕೊಡುವುದಿಲ್ಲ, ಆದರೆ ಮೂರು ವರ್ಷಗಳ ನಂತರ ಮತ್ತೆ ವಿಳಾಸ ಬದಲಿಸುವ ಕೆಲಸಕ್ಕೆ ರಜಾ ದಿನಗಳನ್ನು ಕೊಡಬೇಕಾಗುತ್ತದೆ.

ಇನ್ನು ಕಟ್ಟಡದ ಒಳಗೆ. ಪ್ರತಿ ತುಂಡಿನಲ್ಲಿಯೂ ಒಂದೇ ಕ್ರಮ ಇಡಿ: ಸೊನ್ನೆಯಿಂದ ಎಣಿಸಿ ಮೊದಲ ಎಂಟು ಸಾಲು (0ರಿಂದ 7) ವೈಫೈಗೆ, ಎಂಟನೆಯ ಸ್ಥಾನ ಸಿಬ್ಬಂದಿಯ ತಂತಿ ಸಂಪರ್ಕಕ್ಕೆ, ಒಂಬತ್ತನೆಯದು ಸಿಸಿಟಿವಿಗೆ, ಹತ್ತನೆಯದು ಪ್ರಿಂಟರ್ ಮತ್ತು ಹಾಜರಾತಿ ಯಂತ್ರಗಳಿಗೆ, ಹದಿನೈದನೆಯದು ಸ್ವಿಚ್‌ಗಳ ನಿರ್ವಹಣೆಗೆ. ಆಗ ಹುಡುಗರ ಹಾಸ್ಟೆಲ್‌ನ ವೈಫೈ 10.40.64.0/21 ಆಗುತ್ತದೆ, ಅದರ ಕ್ಯಾಮೆರಾಗಳು 10.40.73.0/24, ಅದರ ಸ್ವಿಚ್‌ಗಳು 10.40.79.0/24. ಯಾವುದೇ ವಿಳಾಸ ನೋಡಿದೊಡನೆ ಅದು ಯಾವ ಕಟ್ಟಡದ್ದು, ಯಾವ ಬಗೆಯ ಸಾಧನದ್ದು ಎಂದು ಹೇಳಬಹುದು.

ಹಾಸ್ಟೆಲ್ ವೈಫೈಗೆ /21 ಏಕೆ ಎಂದರೆ, 600 ವಿದ್ಯಾರ್ಥಿಗಳಿಗೆ ತಲಾ ಎರಡು ಸಾಧನ ಹಿಡಿದರೂ 1,200 ಆಗುತ್ತದೆ. /22 ಕೊಡುವುದು 1,022 ಮಾತ್ರ, /21 ಕೊಡುವುದು 2,046. ಇದರ ಜೊತೆಗೆ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಈಚೆಗೆ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆಯನ್ನು) ತೋರಿಸದೆ ಬೇರೊಂದನ್ನು ಕಟ್ಟಿಕೊಂಡು ಬರುತ್ತವೆ. ಹಾಸ್ಟೆಲ್‌ನಲ್ಲಿ ಎರಡು ವೈಫೈ ಹೆಸರುಗಳಿದ್ದರೆ ಒಂದೇ ಮೊಬೈಲ್ ಎರಡು ಸಾಧನಗಳಂತೆ ಕಂಡು ಎರಡು ವಿಳಾಸ ಹಿಡಿದಿಡುತ್ತದೆ. ಆದ್ದರಿಂದ ಹಾಸ್ಟೆಲ್‌ನಲ್ಲಿ ಡಿಎಚ್‌ಸಿಪಿ ಅವಧಿಯನ್ನು (ಸರ್ವರ್ ತಾನಾಗಿ ಹಂಚಿದ ವಿಳಾಸ ಒಂದು ಸಾಧನದ ಬಳಿ ಉಳಿಯುವ ಕಾಲವನ್ನು) ಎಂಟು ಗಂಟೆಗಿಂತ ಹೆಚ್ಚಿಡಬೇಡಿ, ತರಗತಿ ಕಟ್ಟಡಗಳಲ್ಲಿ ಎರಡು ಗಂಟೆ ಸಾಕು.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಸರ್, ಒಂದು ಸಂದೇಹವಿದೆ. 254 ಸಾಧನಗಳನ್ನು ಮೀರಿದ ಸಬ್‌ನೆಟ್ ಮಾಡಬಾರದು, ಬ್ರಾಡ್‌ಕಾಸ್ಟ್ ಹೆಚ್ಚಾಗುತ್ತದೆ ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದಾರೆ. ಹಾಸ್ಟೆಲ್‌ಗೆ /21 ಕೊಟ್ಟರೆ ಮೂಲ ಸಮಸ್ಯೆಯೇ ಮರಳಿ ಬರುವುದಿಲ್ಲವೇ?

ಧಾರವಾಡದ ಕಂಪ್ಯೂಟರ್ ಕೇಂದ್ರವೊಂದರ ಉದ್ಯೋಗಿ

ನಿಮ್ಮ ಸಂದೇಹ ಸರಿಯಾಗಿಯೇ ಇದೆ, ತಂಗೀ. ತಂತಿ ಸಂಪರ್ಕಕ್ಕೆ /24ರ (ಅಂದರೆ 254 ಸಾಧನಗಳ) ಆಸುಪಾಸು ಇರುವುದೇ ಒಳ್ಳೆಯದು. ಅದು ಯಂತ್ರದ ಮಿತಿ ಎಂದಲ್ಲ, ದೋಷ ಹುಡುಕುವವರಿಗೆ ಆ ಅಳತೆ ಕೈಗೆ ಹತ್ತುತ್ತದೆ ಎಂಬ ಕಾರಣಕ್ಕೆ. ವೈಫೈಯಲ್ಲಿ ಬ್ರಾಡ್‌ಕಾಸ್ಟ್ ಇನ್ನೂ ದುಬಾರಿ, ಏಕೆಂದರೆ ಆಕ್ಸೆಸ್ ಪಾಯಿಂಟ್ ಅದನ್ನು ಎಲ್ಲರಿಗೂ ಕೇಳಿಸಬೇಕಾದ್ದರಿಂದ ಸಾಮಾನ್ಯವಾಗಿ ತನ್ನ ಅತ್ಯಂತ ನಿಧಾನದ ವೇಗದಲ್ಲಿ ಕಳುಹಿಸುತ್ತದೆ, ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕಾಗುತ್ತದೆ. ಆದರೆ ಇದಕ್ಕೆ ಪರಿಹಾರ ಮಾಸ್ಕ್‌ನಲ್ಲಿಲ್ಲ, ವೈಫೈ ಕಂಟ್ರೋಲರ್‌ನಲ್ಲಿದೆ. ‘ಈ ವಿಳಾಸ ಯಾರದು’ ಎಂದು ಕೂಗುವ ಎಆರ್‌ಪಿ ಪ್ರಶ್ನೆಗೆ ಆಕ್ಸೆಸ್ ಪಾಯಿಂಟ್ ತಾನೇ ಉತ್ತರಿಸುವಂತೆ ಮಾಡುವುದು, ಒಂದು ಮೊಬೈಲ್ ಮತ್ತೊಂದನ್ನು ನೇರವಾಗಿ ಕಾಣದಂತೆ ತಡೆಯುವುದು, ಬೇಡದ ಮಲ್ಟಿಕಾಸ್ಟ್ (ಗುಂಪಿಗೆ ಹೋಗುವ ಸಂದೇಶ) ನಿಲ್ಲಿಸುವುದು, ಈ ಮೂರನ್ನು ಮಾಡಿದ ಮೇಲೆ /21 ವೈಫೈ ಸಬ್‌ನೆಟ್ ಸಮಾಧಾನವಾಗಿ ನಡೆಯುತ್ತದೆ. ಮಾಡದಿದ್ದರೆ /24 ಕೂಡ ಕಷ್ಟ ಕೊಡುತ್ತದೆ.

ಕೋಣೆಯಲ್ಲಿ ಸಿಕ್ಕಿಸುವ ಸಣ್ಣ ರೂಟರ್‌ಗಳ ವಿಷಯ ಬೇರೆ. ಸಬ್‌ನೆಟ್ ಬೇರೆಯಾದ ಮೇಲೆ ಅವುಗಳ ಹಾವಳಿ ಹಾಸ್ಟೆಲ್‌ನ ಒಳಗೆ ಉಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿ, ಕೋರ್ ಕಡೆಯ ಪೋರ್ಟ್‌ನಿಂದ ಮಾತ್ರ ವಿಳಾಸ ಹಂಚಲು ಬಿಡಿ. ಸರ್ವರ್ ಬೇರೆ ಸಬ್‌ನೆಟ್‌ನಲ್ಲಿ ಇರುವುದರಿಂದ ಪ್ರತಿ ಗೇಟ್‌ವೇಯಲ್ಲಿ ಡಿಎಚ್‌ಸಿಪಿ ರಿಲೇ (ವಿಳಾಸದ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ಸಾಲು) ಬರೆಯುವುದನ್ನು ಮರೆಯಬಾರದು.

ಹಾವೇರಿಯ ಪಾಲಿಟೆಕ್ನಿಕ್ ಉಪನ್ಯಾಸಕ

ಹುಬ್ಬಳ್ಳಿಯವರ ಯೋಜನೆಯಲ್ಲಿ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ಕಟ್ಟಡವಾರು ಹಂಚಿದರೆ ರೂಟಿಂಗ್ ಸುಲಭವಾಗುತ್ತದೆ, ನಿಜ. ಆದರೆ ಫೈರ್‌ವಾಲ್ ನೋಡುವವರು ಕಟ್ಟಡವನ್ನು ಕೇಳುವುದಿಲ್ಲ, ‘ಇದು ಕ್ಯಾಮೆರಾ, ಇದು ವಿದ್ಯಾರ್ಥಿ, ಇದು ಲೆಕ್ಕಪತ್ರ ವಿಭಾಗ’ ಎಂದು ಕೇಳುತ್ತಾರೆ. ಆವರಣದ ಎಲ್ಲ ಕ್ಯಾಮೆರಾಗಳಿಗೂ ಒಂದೇ ವಿ-ಲ್ಯಾನ್, ಒಂದೇ /23 ಕೊಟ್ಟರೆ ಒಂದೇ ಸಾಲಿನ ನಿಯಮ ಸಾಕಾಗುತ್ತದೆ. ಕಟ್ಟಡಕ್ಕೊಂದು ಕ್ಯಾಮೆರಾ ಸಬ್‌ನೆಟ್ ಇದ್ದರೆ ಆರು ಸಾಲುಗಳು ಬೇಕು, ಹೊಸ ಕಟ್ಟಡ ಬಂದಾಗ ಏಳನೆಯದನ್ನು ಸೇರಿಸಲು ಯಾರೋ ಮರೆಯುತ್ತಾರೆ.

ಹುಬ್ಬಳ್ಳಿಯ ನೆಟ್‌ವರ್ಕ್ ಎಂಜಿನಿಯರ್

ತಮ್ಮ ಆಕ್ಷೇಪಣೆ ಒಪ್ಪತಕ್ಕದ್ದೇ, ಮತ್ತು ಅದಕ್ಕಾಗಿಯೇ ನಾನು ಪ್ರತಿ ತುಂಡಿನಲ್ಲಿಯೂ ಒಂದೇ ಕ್ರಮ ಇರಲಿ ಎಂದದ್ದು. ಕ್ಯಾಮೆರಾಗಳ ಮೂರನೆಯ ಅಂಕೆ 25, 41, 57, 73, 89, 105 ಎಂದು ಬರುತ್ತದೆ. ಇವುಗಳನ್ನು ಎರಡರ ಮೂಲಮಾನದಲ್ಲಿ ಬರೆದು ನೋಡಿದರೆ ಕೊನೆಯ ನಾಲ್ಕು ಬಿಟ್‌ಗಳು ಎಲ್ಲದರಲ್ಲಿಯೂ 1001 ಆಗಿರುತ್ತವೆ, ಕಟ್ಟಡವನ್ನು ಹೇಳುವ ಮೊದಲ ನಾಲ್ಕು ಬಿಟ್‌ಗಳು ಮಾತ್ರ ಬದಲಾಗುತ್ತವೆ. ವೈಲ್ಡ್‌ಕಾರ್ಡ್ ಮಾಸ್ಕ್ (ಯಾವ ಬಿಟ್‌ಗಳನ್ನು ನೋಡಬೇಕಾಗಿಲ್ಲ ಎಂದು ಹೇಳುವ ಸಂಖ್ಯೆ) ಒಪ್ಪುವ ಸ್ವಿಚ್‌ಗಳ ಪ್ರವೇಶ ಪಟ್ಟಿಯಲ್ಲಿ 10.40.9.0 ಮತ್ತು 0.0.240.255 ಎಂದು ಒಂದೇ ಸಾಲು ಬರೆದರೆ ಇಂದಿನ ಎಲ್ಲ ಕಟ್ಟಡಗಳ ಕ್ಯಾಮೆರಾಗಳೂ ಅದರಲ್ಲಿ ಸೇರುತ್ತವೆ, ನಾಳೆ ಬರುವ ಕಟ್ಟಡದವೂ ಸೇರುತ್ತವೆ. ಸಬ್‌ನೆಟ್ ಮಾಸ್ಕ್‌ನಲ್ಲಿ ಒಂದುಗಳು ಎಡದಿಂದ ಬಿಡುವಿಲ್ಲದೆ ಬರಲೇಬೇಕು. ವೈಲ್ಡ್‌ಕಾರ್ಡ್ ಮಾಸ್ಕ್‌ಗೆ ಆ ಕಟ್ಟುಪಾಡಿಲ್ಲ. ಫೈರ್‌ವಾಲ್‌ಗಳಲ್ಲಿ ಹೆಚ್ಚಿನವು ಇದನ್ನು ಒಪ್ಪುವುದಿಲ್ಲ. ಅಲ್ಲಿ ಹದಿನಾರು ಸಬ್‌ನೆಟ್‌ಗಳನ್ನೂ ಮೊದಲೇ ಒಂದು ಗುಂಪಿನಲ್ಲಿ ಬರೆದಿಟ್ಟುಬಿಡಿ, ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಒಂದೇ ವಿ-ಲ್ಯಾನನ್ನು ಎಲ್ಲ ಕಟ್ಟಡಗಳಿಗೂ ಹರಡುವುದು ನನಗೆ ಒಪ್ಪಿಗೆಯಿಲ್ಲದಿರಲು ಬೇರೊಂದು ಕಾರಣವಿದೆ. ಗ್ರಂಥಾಲಯದಲ್ಲಿ ಒಬ್ಬರು ಒಂದು ಕೇಬಲ್‌ನ ಎರಡೂ ತುದಿಗಳನ್ನು ಒಂದೇ ಸಣ್ಣ ಸ್ವಿಚ್‌ಗೆ ಸಿಕ್ಕಿಸಿದರೆ, ಆ ಲೂಪ್‌ನ ಬಿರುಗಾಳಿ ಆ ವಿ-ಲ್ಯಾನ್ ಹೋದಲ್ಲೆಲ್ಲ ಹೋಗುತ್ತದೆ. ಗಡಿ ಕಟ್ಟಡದ ಬಾಗಿಲಲ್ಲಿಯೇ ಇದ್ದರೆ ಆ ಕಟ್ಟಡಕ್ಕೆ ಮಾತ್ರ ತೊಂದರೆ.

ಗದಗಿನ ಕಾಲೇಜೊಂದರ ಸಿಸ್ಟಮ್ ನಿರ್ವಾಹಕ

ಎಲ್ಲರಿಗೂ ಧನ್ಯವಾದಗಳು. ವಿಳಾಸ ಹಂಚಿಕೆಯ ದಾರಿ ಸ್ಪಷ್ಟವಾಯಿತು. ರೂಟಿಂಗ್ ಬಗ್ಗೆ ಕೇಳಬೇಕಾಗಿದೆ: ಹಾಸ್ಟೆಲ್‌ಗಳ ಗೇಟ್‌ವೇ ಅಲ್ಲಿಯ ಸ್ವಿಚ್‌ನಲ್ಲಿಯೇ ಇರಲಿ, ಉಳಿದವುಗಳ ಗೇಟ್‌ವೇ ಕೋರ್‌ನಲ್ಲಿ ಇರಲಿ ಎಂದುಕೊಂಡಿದ್ದೇನೆ. ಕೋರ್‌ನಲ್ಲಿ 10.40.64.0/20 ಮತ್ತು 10.40.80.0/20 ಎಂದು ಎರಡೇ ರೂಟ್, ಹಾಸ್ಟೆಲ್‌ಗಳಿಂದ ಕೋರ್ ಕಡೆಗೆ ಒಂದೊಂದು ಡೀಫಾಲ್ಟ್ ರೂಟ್ (ಬೇರೆ ದಾರಿ ತಿಳಿಯದ್ದಕ್ಕೆಲ್ಲ ಬಳಸುವ ರೂಟ್). ಇಷ್ಟೇ ಸಾಕೇ?

ಧಾರವಾಡದ ಕಂಪ್ಯೂಟರ್ ಕೇಂದ್ರವೊಂದರ ಉದ್ಯೋಗಿ

ಇಷ್ಟೇ ಬರೆದರೆ ನೆಟ್‌ವರ್ಕ್ ನಡೆಯುತ್ತದೆ, ಆದರೆ ಅದರೊಳಗೆ ಒಂದು ಸುಳಿ ಉಳಿದುಕೊಳ್ಳುತ್ತದೆ. ಅದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ವಿಳಾಸಗಳನ್ನು ಒಟ್ಟುಗೂಡಿಸಿ ಬರೆಯುವ ಎಲ್ಲರೂ ಇದನ್ನು ತಿಳಿದಿರಬೇಕು.

ಹುಡುಗರ ಹಾಸ್ಟೆಲ್‌ನ /20ರಲ್ಲಿ 10.40.75.0 ಎಂಬ ಭಾಗವನ್ನು ನೀವು ಇನ್ನೂ ಬಳಸಿಲ್ಲ. ಯಾವುದೋ ವೈರಸ್ ಹಿಡಿದ ಕಂಪ್ಯೂಟರ್ 10.40.75.5ಕ್ಕೆ ಪ್ಯಾಕೆಟ್ ಕಳುಹಿಸಿತು ಎನ್ನಿ. ಕೋರ್ ತನ್ನ ಪಟ್ಟಿ ನೋಡಿ ಅದನ್ನು ಹಾಸ್ಟೆಲ್‌ಗೆ ಕಳುಹಿಸುತ್ತದೆ. ಹಾಸ್ಟೆಲ್ ಸ್ವಿಚ್‌ನಲ್ಲಿ ಆ ಸಬ್‌ನೆಟ್ ಇಲ್ಲ. ಇರುವುದು ಡೀಫಾಲ್ಟ್ ರೂಟ್ ಮಾತ್ರ. ಅದು ಪ್ಯಾಕೆಟನ್ನು ಕೋರ್‌ಗೇ ಮರಳಿಸುತ್ತದೆ. ಹೀಗೆ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ಹೆಜ್ಜೆ ಹೋಗಬಹುದೆಂಬ ಎಣಿಕೆ) ತೀರುವವರೆಗೂ ಅದು ಅದೇ ಫೈಬರ್ ಮೇಲೆ ಹೋಗಿ ಬಂದು ಮಾಡುತ್ತದೆ. ಒಂದು ಪ್ಯಾಕೆಟ್‌ನಿಂದ ಏನೂ ಆಗುವುದಿಲ್ಲ. ಖಾಲಿ ವಿಳಾಸಗಳನ್ನೆಲ್ಲ ತಡಕುವ ವೈರಸ್ ಇದ್ದರೆ ಪ್ರತಿ ಪ್ಯಾಕೆಟ್ ಹತ್ತಾರು ಪಟ್ಟು ಹೆಚ್ಚಿ ಫೈಬರ್ ತುಂಬಿಹೋಗುತ್ತದೆ.

ಪರಿಹಾರ ಒಂದೇ ಸಾಲಿನದು. ಹಾಸ್ಟೆಲ್ ಸ್ವಿಚ್‌ನಲ್ಲಿ 10.40.64.0/20 ಇಡೀ ತುಂಡಿಗೆ ನಲ್ ಇಂಟರ್‌ಫೇಸ್ (ಬಂದದ್ದನ್ನು ಎಸೆದುಬಿಡುವ ಕಾಲ್ಪನಿಕ ಪೋರ್ಟ್) ಕಡೆಗೆ ಒಂದು ರೂಟ್ ಬರೆಯಿರಿ. ರೂಟರ್ ಯಾವಾಗಲೂ ಹೆಚ್ಚು ಬಿಟ್‌ಗಳು ಹೊಂದುವ ರೂಟನ್ನೇ ಆರಿಸುವುದರಿಂದ, ನಿಜವಾಗಿ ಇರುವ /21 ಮತ್ತು /24ಗಳಿಗೆ ಹೋಗುವ ಪ್ಯಾಕೆಟ್‌ಗಳಿಗೆ ಇದರಿಂದ ಅಡ್ಡಿಯಾಗುವುದಿಲ್ಲ. ಇಲ್ಲದ ಸಬ್‌ನೆಟ್‌ಗೆ ಬಂದದ್ದು ಮಾತ್ರ ಅಲ್ಲಿಯೇ ಬಿದ್ದುಹೋಗುತ್ತದೆ. ಇದೇ ಸುಳಿ ಕೋರ್ ಮತ್ತು ಫೈರ್‌ವಾಲ್ ನಡುವೆಯೂ ಇರುತ್ತದೆ: ಫೈರ್‌ವಾಲ್ 10.40.0.0/16ನ್ನು ಕೋರ್‌ಗೆ ಕಳುಹಿಸುತ್ತದೆ, ಕೋರ್ ತನಗೆ ತಿಳಿಯದ್ದನ್ನು ಫೈರ್‌ವಾಲ್‌ಗೆ ಕಳುಹಿಸುತ್ತದೆ. ಆದ್ದರಿಂದ ಕೋರ್‌ನಲ್ಲಿಯೂ ಇಡೀ /16ಕ್ಕೆ ಒಂದು ನಲ್ ರೂಟ್ ಇರಲಿ.

ಹಾವೇರಿಯ ಪಾಲಿಟೆಕ್ನಿಕ್ ಉಪನ್ಯಾಸಕ

ಓಎಸ್‌ಪಿಎಫ್ ಹಾಕಿದರೆ ಈ ಎಲ್ಲ ಕಷ್ಟ ತಪ್ಪುವುದಿಲ್ಲವೇ? ಪ್ರತಿ ಸಬ್‌ನೆಟ್ ತಾನಾಗಿಯೇ ಪ್ರಕಟವಾಗುತ್ತದೆ.

ಹುಬ್ಬಳ್ಳಿಯ ನೆಟ್‌ವರ್ಕ್ ಎಂಜಿನಿಯರ್

ಹಾಸ್ಟೆಲ್ ಕಡೆಯ ಸುಳಿ ತಪ್ಪುತ್ತದೆ, ಏಕೆಂದರೆ ಆಗ /20 ಎಂಬ ಒಟ್ಟು ರೂಟೇ ಇರುವುದಿಲ್ಲ. ಓಎಸ್‌ಪಿಎಫ್ ಒಂದೇ ಏರಿಯಾದೊಳಗೆ (ರೂಟರ್‌ಗಳ ಒಂದು ಗುಂಪಿನೊಳಗೆ) ರೂಟ್‌ಗಳನ್ನು ಒಟ್ಟುಗೂಡಿಸುವುದಿಲ್ಲ; ಅದು ನಡೆಯುವುದು ಏರಿಯಾಗಳ ಗಡಿಯಲ್ಲಿ ಅಥವಾ ಹೊರಗಿನ ರೂಟ್‌ಗಳು ಒಳಬರುವಲ್ಲಿ. ಈ ಅಳತೆಯ ಆವರಣಕ್ಕೆ ಏರಿಯಾ 0 ಒಂದೇ ಸಾಕು. ಹತ್ತಿಪ್ಪತ್ತು ರೂಟ್‌ಗಳನ್ನು ಒಟ್ಟುಗೂಡಿಸಲೆಂದು ಏರಿಯಾಗಳನ್ನು ಹೆಚ್ಚಿಸುವುದು ವ್ಯರ್ಥ ಶ್ರಮ. ಕೋರ್‌ನ ನಲ್ ರೂಟ್ ಮಾತ್ರ ಆಗಲೂ ಬೇಕು.

ಆದರೆ ಇಂದಿನ ಸ್ಥಿತಿಯಲ್ಲಿ ಓಎಸ್‌ಪಿಎಫ್ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಟ್ಟಡಕ್ಕೆ ಒಂದೇ ಫೈಬರ್ ಇದ್ದಾಗ, ಅದು ತುಂಡಾದರೆ ಯಾವ ಪ್ರೋಟೋಕಾಲ್ ಕೂಡ ಬೇರೆ ದಾರಿಯನ್ನು ಸೃಷ್ಟಿಸಲಾರದು. ಎರಡನೆಯ ಫೈಬರ್ ಬಂದ ದಿನ ಲೆಕ್ಕ ಬದಲಾಗುತ್ತದೆ. ಕೈಯಿಂದ ಬರೆದ ರೂಟ್ ತನ್ನ ಪೋರ್ಟ್ ಆರಿದಾಗ ಮಾತ್ರ ಹಿಂದೆ ಸರಿಯುತ್ತದೆ. ನಡುವೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಆಚೆಯ ಫೈಬರ್ ಕಡಿದುಹೋದರೂ ಸ್ವಿಚ್‌ನ ಪೋರ್ಟ್ ಉರಿಯುತ್ತಲೇ ಇರಬಹುದು, ಪ್ಯಾಕೆಟ್‌ಗಳು ಸತ್ತ ದಾರಿಯಲ್ಲಿಯೇ ಹೋಗುತ್ತಿರುತ್ತವೆ. ಓಎಸ್‌ಪಿಎಫ್ ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ ಹತ್ತು ಸೆಕೆಂಡಿಗೊಮ್ಮೆ ಹಲೋ ಹೇಳುತ್ತದೆ, ನಲವತ್ತು ಸೆಕೆಂಡ್ ಮರುದನಿ ಬಾರದಿದ್ದರೆ ಆ ದಾರಿಯನ್ನು ಬಿಡುತ್ತದೆ.

ಎರಡನೆಯ ಫೈಬರ್ ಹಾಕುವುದಾದರೆ ಅದು ಬೇರೆ ಕಾಲುವೆಯಲ್ಲಿಯೇ ಹೋಗಲಿ. ನಮ್ಮ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ, ಚರಂಡಿಗೆಂದು ಬಂದ ಜೆಸಿಬಿ ಒಂದೇ ಸಲಕ್ಕೆ ಪಕ್ಕಪಕ್ಕದ ಎರಡೂ ಪೈಪುಗಳನ್ನು ಎತ್ತಿಹಾಕುತ್ತದೆ. ಅಡ್ಡಮಳೆಯ ಸಿಡಿಲಿನ ಕಾರಣಕ್ಕಾಗಿಯೂ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬೇಡ, ಫೈಬರ್ ಮಾತ್ರ ಇರಲಿ.

ಮುಂದೆ ಓಎಸ್‌ಪಿಎಫ್ ಹಾಕುವಾಗ ಎರಡು ಎಚ್ಚರಿಕೆಗಳು. ಹಲವು ಸಾಧನಗಳಲ್ಲಿ ದಾರಿ ಆರಿಸಲು ಬಳಸುವ ‘ವೆಚ್ಚ’ದ ಲೆಕ್ಕಕ್ಕೆ 100 ಮೆಗಾಬಿಟ್ ಆಧಾರವಾಗಿರುವುದರಿಂದ 1 ಗಿಗಾಬಿಟ್ ಮತ್ತು 10 ಗಿಗಾಬಿಟ್ ದಾರಿಗಳೆರಡಕ್ಕೂ ವೆಚ್ಚ 1 ಎಂದೇ ಬರುತ್ತದೆ. ಎಲ್ಲ ಸ್ವಿಚ್‌ಗಳಲ್ಲಿಯೂ ಆಧಾರವನ್ನು ಒಂದೇ ಸಮನಾಗಿ ಏರಿಸಿ. ವಿದ್ಯಾರ್ಥಿಗಳ ಸಬ್‌ನೆಟ್‌ಗಳನ್ನು ಪ್ಯಾಸಿವ್ ಮಾಡಿ (ಅಲ್ಲಿ ಓಎಸ್‌ಪಿಎಫ್ ಹಲೋ ಹೇಳದಂತೆ), ಇಲ್ಲವಾದರೆ ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪ್ ಕೂಡ ರೂಟರ್ ಎಂದು ಹೇಳಿಕೊಂಡು ಮಾತಿಗೆ ಬರಬಹುದು.

ಗದಗಿನ ಕಾಲೇಜೊಂದರ ಸಿಸ್ಟಮ್ ನಿರ್ವಾಹಕ

ಹಾಗಾದರೆ ಸದ್ಯಕ್ಕೆ ಕೈಯಿಂದ ಬರೆದ ರೂಟ್‌ಗಳನ್ನೇ ಇಡುತ್ತೇನೆ, ನಲ್ ರೂಟ್‌ಗಳ ಸಹಿತ. ಕೋರ್ ಮತ್ತು ಹಾಸ್ಟೆಲ್ ನಡುವಿನ ಸಂಪರ್ಕಗಳಿಗೆ 10.40.0.0/30 ಮತ್ತು 10.40.0.4/30. ಹುಡುಗಿಯರ ಹಾಸ್ಟೆಲ್‌ನಲ್ಲಿ ವೈಫೈಗೆ ಮುನ್ನ ಅಧ್ಯಯನ ಕೊಠಡಿಯ ಕಂಪ್ಯೂಟರ್‌ಗಳಿಗೆ 10.40.80.0/22 ಬಿಟ್ಟು, ನಂತರ ವೈಫೈಗೆ 10.40.84.0/21 ಕೊಡಬಹುದೇ?

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಸರ್, /21 ಎಂದರೆ ಮೂರನೆಯ ಅಂಕೆಯಲ್ಲಿ ಎಂಟು ಎಂಟರ ಹೆಜ್ಜೆ. ಅದು 80, 88, 96 ಎಂದು ಎಂಟರ ಮಗ್ಗಿಯಲ್ಲಿಯೇ ಆರಂಭವಾಗಬೇಕಲ್ಲವೇ? 84 ಅದರಲ್ಲಿ ಬರುವುದಿಲ್ಲ. 10.40.84.1/21 ಎಂದು ಗೇಟ್‌ವೇ ಬರೆದರೆ ಸ್ವಿಚ್ ಅದನ್ನು 10.40.80.0/21ರ ಭಾಗವೆಂದೇ ಓದುತ್ತದೆ, ಅಧ್ಯಯನ ಕೊಠಡಿಯ /22 ಅದರ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಹುಬ್ಬಳ್ಳಿಯ ನೆಟ್‌ವರ್ಕ್ ಎಂಜಿನಿಯರ್

ಅವರು ಹೇಳಿದ್ದು ಸರಿ. ವೈಫೈಗೆ 10.40.80.0/21 ಇರಲಿ, ಅಧ್ಯಯನ ಕೊಠಡಿ 10.40.92.0/24ಕ್ಕೆ ಹೋಗಲಿ. ದೊಡ್ಡ ಸಬ್‌ನೆಟ್‌ಗಳನ್ನು ಮೊದಲು ಕೂರಿಸಿ, ಚಿಕ್ಕವನ್ನು ಉಳಿದ ಜಾಗದಲ್ಲಿ ಇಟ್ಟರೆ ಈ ತೊಡಕು ಬರುವುದಿಲ್ಲ. ಎರಡೇ ರೂಟರ್‌ಗಳ ನಡುವಿನ ಸಂಪರ್ಕಕ್ಕೆ /30 ಸರಿಯೇ. ಸಾಧನಗಳು ಒಪ್ಪಿದರೆ /31 ಕೂಡ ಆಗುತ್ತದೆ, 2000ದ ಆರ್‌ಎಫ್‌ಸಿ 3021 ಅದಕ್ಕೆ ಅವಕಾಶ ಕೊಟ್ಟಿದೆ.

ಧಾರವಾಡದ ಕಂಪ್ಯೂಟರ್ ಕೇಂದ್ರವೊಂದರ ಉದ್ಯೋಗಿ

ಬದಲಾವಣೆಯ ದಿನಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಹಳೆಯ 192.168 ವಿ-ಲ್ಯಾನನ್ನು ಒಮ್ಮೆಲೇ ಕಿತ್ತುಹಾಕಬೇಡಿ. ಅದರ ಗೇಟ್‌ವೇಯನ್ನು ಕೋರ್‌ನಲ್ಲಿ ಇಟ್ಟು, ಹೊಸ ಸಬ್‌ನೆಟ್‌ಗಳನ್ನು ಪಕ್ಕದಲ್ಲಿ ಎಬ್ಬಿಸಿ, ಒಂದೊಂದೇ ಕಟ್ಟಡದ ಪೋರ್ಟ್‌ಗಳನ್ನು ಹೊಸ ವಿ-ಲ್ಯಾನ್‌ಗೆ ಸರಿಸುತ್ತ ಹೋಗಿ. ಹಳೆಯದೂ ಹೊಸದೂ ಬೇರೆ ಬೇರೆ ವ್ಯಾಪ್ತಿಯಲ್ಲಿರುವುದರಿಂದ ಎರಡರ ನಡುವೆ ಕೋರ್ ರೂಟಿಂಗ್ ಮಾಡುತ್ತದೆ, ಪರೀಕ್ಷಾ ವಿಭಾಗವನ್ನು ಕೊನೆಗೆ ಉಳಿಸಿಕೊಳ್ಳಬಹುದು.

ತೊಂದರೆ ಕೊಡುವವು ಕೈಯಿಂದ ವಿಳಾಸ ಬರೆದ ಸಾಧನಗಳು. ಇಡೀ ಆವರಣ ಒಂದೇ ಸಬ್‌ನೆಟ್ ಆಗಿದ್ದಾಗ ಹಾಜರಾತಿ ಯಂತ್ರಕ್ಕೂ ಸಿಸಿಟಿವಿ ರೆಕಾರ್ಡರ್‌ಗೂ ಗೇಟ್‌ವೇ ಅಗತ್ಯವೇ ಇರಲಿಲ್ಲ, ಆದ್ದರಿಂದ ಹಲವು ಕಡೆ ಆ ಜಾಗ ಖಾಲಿಯೇ ಇರುತ್ತದೆ. ಅಂತಹ ಯಂತ್ರಕ್ಕೆ ಹೊಸ ಸಬ್‌ನೆಟ್‌ನಿಂದ ಹೋದ ಪ್ರಶ್ನೆ ತಲುಪುತ್ತದೆ, ಉತ್ತರ ಮಾತ್ರ ಹೊರಡುವುದಿಲ್ಲ. ಕಟ್ಟಡ ಸರಿಸುವ ಮೊದಲೇ ಅವುಗಳನ್ನು ತೆರೆದು ಗೇಟ್‌ವೇ ತುಂಬಿಸಿ.

ಮತ್ತೊಂದು, ವಿಂಡೋಸ್‌ನಲ್ಲಿ 10ರಿಂದ ಆರಂಭವಾಗುವ ವಿಳಾಸ ಬರೆದೊಡನೆ ಮಾಸ್ಕ್ ಜಾಗದಲ್ಲಿ 255.0.0.0 ತಾನಾಗಿ ಬಂದು ಕೂರುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಆ ಕಂಪ್ಯೂಟರ್‌ಗೆ ಇಡೀ ಆವರಣ ತನ್ನದೇ ಸಬ್‌ನೆಟ್ ಎಂದು ತೋರುತ್ತದೆ, ಬೇರೆ ಕಟ್ಟಡದ ಸರ್ವರನ್ನೂ ಗೇಟ್‌ವೇ ಬಿಟ್ಟು ಎಆರ್‌ಪಿಯಿಂದ ಕೂಗಿ ಕರೆಯುತ್ತದೆ. ಇಂಟರ್ನೆಟ್ ಸಿಗುತ್ತದೆ, ಪಕ್ಕದ ಕಟ್ಟಡ ಸಿಗುವುದಿಲ್ಲ ಎಂಬ ದೂರು ಬಂದರೆ ಮೊದಲು ಮಾಸ್ಕ್ ನೋಡಿ. ಗೇಟ್‌ವೇಯಲ್ಲಿ ಪ್ರಾಕ್ಸಿ ಎಆರ್‌ಪಿ (ಬೇರೆ ಸಾಧನದ ಪರವಾಗಿ ಗೇಟ್‌ವೇಯೇ ಉತ್ತರಿಸುವುದು) ಚಾಲೂ ಇದ್ದರೆ ಈ ತಪ್ಪು ಮುಚ್ಚಿಹೋಗಿ ಮುಂದೊಂದು ದಿನ ಕಾಡುತ್ತದೆ. ಅದನ್ನು ಬಂದ್ ಮಾಡಿಯೇ ಪರೀಕ್ಷಿಸಿ.

ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವವುಗಳಿಗೆ, ಹಳೆಯ ಸರ್ವರ್‌ನಲ್ಲಿ ಈಗ ಎಂಟು ದಿನದ ಅವಧಿ ಇದ್ದರೆ, ಕಟ್ಟಡ ಸರಿಸುವುದಕ್ಕೆ ಎಂಟು ದಿನ ಮೊದಲೇ ಅದನ್ನು ಒಂದು ಗಂಟೆಗೆ ಇಳಿಸಿ. ಸಾಧನಗಳು ಅವಧಿಯ ಅರ್ಧದಲ್ಲಿ ನವೀಕರಣ ಕೇಳುವುದರಿಂದ ಅಷ್ಟರೊಳಗೆ ಎಲ್ಲವೂ ಹೊಸ ಅವಧಿಗೆ ಬಂದಿರುತ್ತವೆ, ಪೋರ್ಟ್ ಬದಲಿಸಿದ ಮೇಲೆ ತಡವಿಲ್ಲದೆ 10.40ರ ವಿಳಾಸ ಹಿಡಿಯುತ್ತವೆ. ಕೋರ್‌ನ ಎಆರ್‌ಪಿ ಪಟ್ಟಿಯಲ್ಲಿ 192.168ರ ವಿಳಾಸ ಒಂದೂ ಕಾಣದೆ ಒಂದು ವಾರ ಕಳೆದ ಮೇಲೆ ಹಳೆಯ ಗೇಟ್‌ವೇಯನ್ನು ತೆಗೆಯಿರಿ.